ಗಾಡಿಯಜ್ಜನ ಹೆಸರಿನವರು

ಫೆಬ್ರವರಿ 10, ಸೋಮವಾರ

ಇವತ್ತು ಹನ್ನೊಂದು ಅರ್ಜಿ ವಾಪಸ್ ಕಳಿಸಿದೆ. ನಾಲ್ಕರಲ್ಲಿ ತಂದೆಯ ಹೆಸರಿನ ಕಲಂ ಖಾಲಿ. ಯಾವ ಕಲಮನ್ನೂ ಖಾಲಿ ಬಿಡುವಂತಿಲ್ಲ ಎಂದು ಕೌಂಟರಿನ ಗಾಜಿನ ಮೇಲೆ ದೊಡ್ಡ ಅಕ್ಷರದಲ್ಲಿ ಅಂಟಿಸಿದ್ದೇನೆ. ಜನ ಅದಕ್ಕೆ ಒರಗಿಕೊಂಡು ನಿಲ್ಲುತ್ತಾರೆಯೇ ಹೊರತು ಓದುವುದಿಲ್ಲ. ಒಬ್ಬ ಹೆಂಗಸು, "ಅಪ್ಪ ಯಾರು ಅಂತ ಗೊತ್ತಿದ್ರೆ ನಾನೇ ಬರೀತಿದ್ದೆ ಮೇಡಂ," ಎಂದಳು. ತಿಳಿದುಕೊಂಡು ಬನ್ನಿ ಎಂದೆ. ಅತ್ತಳು. ಅತ್ತವರಿಗೆಲ್ಲ ಸೀಲು ಹೊಡೆಯುವುದಾದರೆ ದಾಖಲೆ ಕಚೇರಿ ಯಾಕೆ ಬೇಕು, ಇಪ್ಪತ್ತೆರಡು ವರ್ಷದಿಂದ ನಾನು ಯಾಕೆ ಬೇಕು?

ಸಂಜೆ ಆಸ್ಪತ್ರೆಗೆ ಹೋದೆ. ತಮ್ಮನ ಕುತ್ತಿಗೆಗೆ ಹಾಕಿದ್ದ ನಳಿಕೆ ಮತ್ತೆ ಕಟ್ಟಿಕೊಂಡಿದೆ. ಎರಡು ವರ್ಷದಿಂದ ವಾರಕ್ಕೆ ಮೂರು ಸಲ ಯಂತ್ರ ಅವನ ರಕ್ತ ತೊಳೆಯುತ್ತಿದೆ. ಎಡಗೈಯ ನರ ಮುಗಿಯಿತು, ಬಲಗೈಯದೂ ಮುಗಿಯಿತು, ಈಗ ಕುತ್ತಿಗೆ. ಡಾಕ್ಟರು ನನ್ನನ್ನು ಹೊರಗೆ ಕರೆದು, "ಯಂತ್ರ ಜೋಡಿಸೋಕೆ ಜಾಗಾನೇ ಉಳಿದಿಲ್ಲ. ಎರಡು ತಿಂಗಳೊಳಗೆ ಬೇರೆ ಕಿಡ್ನಿ ಹಾಕಿದ್ರೆ ಸರಿ," ಎಂದರು. ಹಾಕದಿದ್ದರೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ನನ್ನದು ಕೊಡೋಣವೆಂದರೆ ನನಗೆ ಸಕ್ಕರೆ ಕಾಯಿಲೆ. ಅಪ್ಪ ಅಮ್ಮ ಇಲ್ಲ. ನನಗೆ ಅವನು, ಅವನಿಗೆ ನಾನು, ಅಷ್ಟೇ. ನಾನು ಒಳಗೆ ಹೋದಾಗ, "ಏನಂದ್ರು, ಬ್ರೇಕ್ ಹೋಯ್ತಂತಾ?" ಎಂದು ಕೇಳಿದ. ಹದಿನಾರು ವರ್ಷ ಬಸ್ಸು ಓಡಿಸಿದವನು. ಎಲ್ಲದಕ್ಕೂ ಬಸ್ಸಿನ ಭಾಷೆಯೇ.

ಫೆಬ್ರವರಿ 12, ಬುಧವಾರ

ಕಿಡ್ನಿ ಕೊಡುತ್ತೇನೆಂದು ಒಬ್ಬ ಬಂದಿದ್ದಾನೆ.

ದೊಡ್ಡ ಬೀದಿಯ ತಿರುವಿನಲ್ಲಿ ಬೇಕರಿ ಇಟ್ಟಿರುವವನು. ತಮ್ಮನ ಬಸ್ಸು ಅವನ ಅಂಗಡಿಯ ಮುಂದೆ ನಿಲ್ಲುತ್ತಿತ್ತು, ಅಷ್ಟೇ ಪರಿಚಯ. ಮಧ್ಯಾಹ್ನ ಸೀದಾ ನನ್ನ ಕಚೇರಿಗೆ ಬಂದ. ಸಾಲಿನಲ್ಲಿ ನಿಲ್ಲಲಿಲ್ಲ. "ನಮ್ಮೋನಿಗೆ ಹಿಂಗಾಗಿದೆ ಅಂತ ನಿನ್ನೆ ಗೊತ್ತಾಯ್ತು. ಆಸ್ಪತ್ರೆಗೆ ಹೋಗಿ ಮಾತಾಡಿಸ್ಕೊಂಡು ಬಂದೆ. ಒಂದೇ ರಕ್ತ, ನೋಡ್ಕೊಂಡು ಸುಮ್ನಿರೋಕಾಗುತ್ತಾ ತಂಗಿ?" ಎಂದ. ತಂಗಿಯಂತೆ. ಹಿಟ್ಟಿನ ಕೈಯನ್ನು ನನ್ನ ಫೈಲಿನ ಮೇಲೆ ಊರಿದ, ಐದು ಬೆರಳೂ ಮೂಡಿದವು.

ಅವನೂ ನಮ್ಮ ಹೆಸರಿನವನೇ. ಈ ಊರಲ್ಲಿ ಕಲ್ಲೆಸೆದರೆ ನಮ್ಮ ಹೆಸರಿನವರ ತಲೆಗೇ ಬೀಳುತ್ತದೆ. ಮೊದಲು ಅವರವರ ಸ್ವಂತ ಹೆಸರು, ಆಮೇಲೆ ನೂರು ವರ್ಷದ ಹಿಂದೆ ಈ ಊರಲ್ಲಿ ಗಾಡಿ ಹೊಡೆಯುತ್ತಿದ್ದ ಗಾಡಿಯಜ್ಜನ ಹೆಸರು, ಕೊನೆಗೆ 'ಮಗ'. ಅವನ ಮಕ್ಕಳಿಗೆ ಅದು ಅಪ್ಪನ ಗುರುತಾಗಿತ್ತು. ಮೊಮ್ಮಕ್ಕಳು ಬಿಡಲಿಲ್ಲ, ಮರಿಮಕ್ಕಳ ಹೊತ್ತಿಗೆ ಮನೆತನದ ಹೆಸರೇ ಆಯಿತು. ನಾನು ಹೆಣ್ಣಾದರೂ ಕಾಗದದ ಮೇಲೆ ಗಾಡಿಯಜ್ಜನ ಮಗನೇ. ಅಜ್ಜನಿಗೆ ಎಷ್ಟು ಜನ ಹೆಂಡಿರು ಎಂದು ಕೇಳಿದರೆ ಗಂಡಸರು ಮೀಸೆಯೊಳಗೆ ನಗುತ್ತಾರೆ. ಗಾಡಿ ನಿಂತ ಊರಿಗೊಂದು ಸಂಸಾರ ಎನ್ನುತ್ತಾರೆ. ಬೇಕರಿಯವನೂ ಅದನ್ನೇ ಹೇಳಿ ನಕ್ಕ. ನನ್ನ ಮೂಗು, ಅವನ ಮೂಗು ಒಂದೇ ಅಚ್ಚು ಎಂದೂ ಹೇಳಿದ. ನನ್ನದು ಮೊನಚು, ಅವನದು ಬನ್ನು.

ಬಾಯಿಮಾತಿನ ಧಾರಾಳ ನನಗೇನೂ ಹೊಸದಲ್ಲ. ಪರೀಕ್ಷೆಗೆ ಬರಲಿ, ನೋಡೋಣ.

ಫೆಬ್ರವರಿ 19, ಬುಧವಾರ

ಬಂದ. ಮೂರು ದಿನ ಬಂದ. ಸೂಜಿ ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಾನೆ, ಆದರೂ ಬಂದ. ರಕ್ತದ ಗುಂಪು ಹೊಂದಿದೆ, ಎರಡೂ ರಕ್ತ ಬೆರೆಸಿ ನೋಡಿದರಂತೆ, ಅದೂ ಹೊಂದಿದೆ. ಡಾಕ್ಟರು ನಗುತ್ತ ಹೊರಗೆ ಬಂದರು.

ಇನ್ನು ಉಳಿದಿರುವುದು ಸಮಿತಿ. ಕೊಡುವವರು ಒಂದೇ ವಂಶದವರಾದರೆ ಹದಿನೈದು ದಿನದಲ್ಲಿ ಒಪ್ಪಿಗೆ. ಹೊರಗಿನವರಾದರೆ ಪೂರ್ತಿ ವಿಚಾರಣೆ: ಯಾಕೆ ಕೊಡುತ್ತೀರಿ, ಏನು ಪಡೆದಿರಿ, ಮನೆಯವರು ಏನನ್ನುತ್ತಾರೆ. ಮೂರು ತಿಂಗಳು, ಕೆಲವೊಮ್ಮೆ ಆರು. ನಮಗಿರುವುದು ಎರಡು. ಆದ್ದರಿಂದ ವಂಶಾವಳಿ ಪ್ರಮಾಣಪತ್ರ ಬೇಕು. ಅದನ್ನು ಕೊಡುವುದು ನಮ್ಮ ಕಚೇರಿ. ಬರೆಯುವುದು ನನ್ನ ಮೇಜು.

ಸಾಹೇಬರನ್ನು ಕೇಳಿದೆ, ನನ್ನ ಮನೆಯದೇ ಕೇಸು, ಬೇರೆಯವರಿಂದ ಮಾಡಿಸಲೇ ಎಂದು. "ಆ ಹಳೇ ರಿಜಿಸ್ಟರ್ ಓದೋಕೆ ನಿಮ್ಮನ್ನ ಬಿಟ್ರೆ ಯಾರಿಗೆ ಬರುತ್ತೆ? ನೀವೇ ಮಾಡಿ. ನಿಮ್ಮ ಮೇಲೆ ಬೆರಳು ತೋರಿಸೋರು ಯಾರಿದ್ದಾರೆ," ಎಂದರು. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಎಲ್ಲರಿಗೂ ಗೊತ್ತಿರುವ ವಂಶ, ಹಾಗೇ ಬರೆದುಬಿಡಬಹುದಿತ್ತು. ಆದರೆ ಮೂಲ ನೋಡದೆ ಸಹಿ ಹಾಕುವವಳಲ್ಲ ನಾನು.

ಫೆಬ್ರವರಿ 21, ಶುಕ್ರವಾರ

ಮೂಲ ನೋಡಿದೆ.

ಮೂರನೇ ಮಹಡಿಯ ಕೋಣೆ, ಕಿಟಕಿ ತೆರೆಯದೆ ಎಷ್ಟು ವರ್ಷವಾಯಿತೋ. ಸಾಂಕ್ರಾಮಿಕ ಬಂದ ವರ್ಷದ ಜನಗಣತಿ ರಿಜಿಸ್ಟರು, ನೂರು ವರ್ಷ ದಾಟಿದ್ದು. ಗಾಡಿಯಜ್ಜನ ಹೆಸರು ಹುಡುಕುವ ಕಷ್ಟವೇ ಇರಲಿಲ್ಲ. ಒಂದಿಡೀ ಪುಟ ಅವನದೇ. ಒಂದೇ ದಿನ, ಒಂದೇ ಕೈಬರಹ, ಮೂವತ್ತೊಂದು ಮಕ್ಕಳು. ತಂದೆಯ ಕಲಮಿನಲ್ಲಿ ಮೂವತ್ತೊಂದು ಸಲ ಅದೇ ಹೆಸರು. ತಾಯಿಯ ಕಲಮಿನಲ್ಲಿ ಮೂವತ್ತೊಂದು ಗೆರೆ. ನಾಲ್ಕು ವರ್ಷ ವಯಸ್ಸಿನವರೇ ಒಂಬತ್ತು ಜನ. ಎಷ್ಟು ಸಂಸಾರವಿದ್ದರೂ ಇದು ಅತಿಯಾಯಿತು ಎಂದು ನಗು ಬಂತು. ಆಮೇಲೆ ಪುಟದ ಕೊನೆಯಲ್ಲಿ ಗಣತಿಯವರು ಬರೆದಿದ್ದ ಷರಾ ಓದಿದೆ. ಮೂಲದಲ್ಲಿ ಇದ್ದಂತೆ ಇಲ್ಲಿ ಬರೆದಿಡುತ್ತೇನೆ.

"ಇವರೆಲ್ಲರೂ ತನ್ನ ಮಕ್ಕಳೆಂದು ಗಾಡಿಯವನು ಹೇಳಿರುತ್ತಾನೆ. ಈತನು ಅವಿವಾಹಿತನು. ರೋಗದಿಂದ ತಂದೆತಾಯಿಗಳು ತೀರಿದ ಮಕ್ಕಳನ್ನು ಹೆಣ ಸಾಗಿಸುವ ಗಾಡಿಯಲ್ಲಿಯೇ ಕರೆತಂದಿರುವನೆಂದು ವಿಚಾರಣೆಯಿಂದ ತಿಳಿದುಬರುತ್ತದೆ. ತಂದೆಯ ಕಲಂ ಖಾಲಿ ಬಿಡಲು ಅವಕಾಶವಿಲ್ಲದ್ದರಿಂದ ಆತನು ಹೇಳಿದಂತೆಯೇ ಬರೆದುಕೊಂಡಿದೆ."

ರಟ್ಟಿಗೆ ಒಂದು ಆದೇಶ ಹೊಲಿದಿದ್ದಾರೆ: ತಂದೆಯಿಲ್ಲದ ಮಕ್ಕಳನ್ನು ದೂರದ ಶಿಬಿರಕ್ಕೆ ಸಾಗಿಸಬೇಕು. ಆ ಶಿಬಿರದಿಂದ ಯಾರಾದರೂ ಮರಳಿದ ದಾಖಲೆ ಇದೆಯೇ ಎಂದು ಹುಡುಕಿದೆ. ಇಲ್ಲ. ಒಂದೂ ಇಲ್ಲ.

ಏಳನೆಯ ಸಾಲು ನಮ್ಮ ಮುತ್ತಜ್ಜ. ವಯಸ್ಸು ನಾಲ್ಕು, ಹುಟ್ಟಿದ ಸ್ಥಳ ನದಿಯಾಚೆಯ ಇಟ್ಟಿಗೆ ಗೂಡು. ಇಪ್ಪತ್ತಾರನೆಯ ಸಾಲು ಬೇಕರಿಯವನ ಮುತ್ತಜ್ಜ. ವಯಸ್ಸು ನಾಲ್ಕು, ಹುಟ್ಟಿದ ಸ್ಥಳ ರೈಲು ಕಾರ್ಖಾನೆಯ ಸಾಲುಮನೆ. ಇಬ್ಬರ ನಡುವೆ ಹತ್ತು ಮೈಲಿ, ಒಂದು ನದಿ.

ಒಂದೇ ರಕ್ತವೂ ಇಲ್ಲ, ಒಂದೇ ವಂಶವೂ ಇಲ್ಲ. ನಮ್ಮ ಹೆಸರಿನವರೆಂಬ ಅಷ್ಟೂ ಜನ ಒಬ್ಬರಿಗೊಬ್ಬರು ಏನೂ ಅಲ್ಲ.

ಫೆಬ್ರವರಿ 22, ಶನಿವಾರ

ನೋಡದೇ ಬರೆದಿದ್ದರೆ ಯಾರ ಗಂಟು ಹೋಗುತ್ತಿತ್ತು? ನನ್ನ ಜಂಬಕ್ಕೆ ಬೆಂಕಿ ಬೀಳ.

ಫೆಬ್ರವರಿ 24, ಸೋಮವಾರ

ಬರೆದೆ. ಸಹಿ ಹಾಕಿದೆ. ಸೀಲು ಹೊಡೆದೆ.

ಯೋಚಿಸಿ ನೋಡಿದರೆ ಅದರಲ್ಲಿ ಸುಳ್ಳೇನೂ ಇಲ್ಲ. ರಿಜಿಸ್ಟರಿನ ತಂದೆಯ ಕಲಮಿನಲ್ಲಿ ಇಬ್ಬರಿಗೂ ಒಂದೇ ಹೆಸರಿದೆ, ನಾನು ಅದನ್ನೇ ಇಳಿಸಿದ್ದೇನೆ. 'ಒಂದೇ ಮೂಲಪುರುಷನ ವಂಶಸ್ಥರು' ಎಂಬುದು ನಮೂನೆಯಲ್ಲೇ ಅಚ್ಚಾಗಿರುವ ಮಾತು. ಷರಾ ಇದ್ದರೆ ಅಕ್ಷರಶಃ ಇಳಿಸಬೇಕು ಎಂಬುದು ನಿಯಮ. ಹೊಸಬರಿಗೆ ಅದನ್ನು ಕಲಿಸಿದವಳು ನಾನೇ. ಷರಾ ಕಲಮಿನಲ್ಲಿ 'ಇಲ್ಲ' ಎಂದು ಬರೆದೆ. ಆಮೇಲೆ ಕೈ ತೊಳೆಯಲು ಹೋಗಿ ಬಹಳ ಹೊತ್ತು ನಲ್ಲಿಯ ಹತ್ತಿರವೇ ನಿಂತಿದ್ದೆ.

ಸಾಹೇಬರು ಓದದೆಯೇ ಮೇಲುಸಹಿ ಹಾಕಿದರು. ತಮ್ಮ ಬದುಕಬೇಕು. ಇದಕ್ಕಿಂತ ಹೆಚ್ಚು ನಾನು ಬರೆಯಬೇಕಾಗಿಲ್ಲ.

ಫೆಬ್ರವರಿ 28, ಶುಕ್ರವಾರ

ಬೇಕರಿಯವರು ದಿನಾ ಆಸ್ಪತ್ರೆಗೆ ಬನ್ನು ಕಳಿಸುತ್ತಿದ್ದಾರೆ. ನನ್ನ ತಮ್ಮನು ಉಪ್ಪು ತಿನ್ನುವಂತಿಲ್ಲವೆಂದು ಅವನಿಗಾಗಿ ಉಪ್ಪಿಲ್ಲದ ಒಂದು ಸಾಲು ಬೇರೆಯೇ ಬೇಯಿಸುತ್ತಾರಂತೆ. ಸಂಜೆ ಬಂದು ಹಾಸಿಗೆಯ ಪಕ್ಕ ಕೂತು ಬಸ್ಸಿನ ವಿಷಯ ಮಾತಾಡುತ್ತಾರೆ. ತಮ್ಮ ನಗುತ್ತಾನೆ. ಇವತ್ತು ಇಬ್ಬರೂ ಸೇರಿ ನನ್ನ ಕನ್ನಡಕವನ್ನು ಗೇಲಿ ಮಾಡಿದರು.

ಅವರ ಹೆಂಡತಿಗೆ ಇದು ಇಷ್ಟವಿಲ್ಲ. ಸಹಿ ಬೇಕಿತ್ತೆಂದು ಬೇಕರಿಗೆ ಹೋಗಿದ್ದೆ. ಅಂಗಡಿಯ ಹಿಂದೆಯೇ ಮನೆ. ಆಕೆ ತಟ್ಟೆಗೆ ಎಣ್ಣೆ ಸವರುತ್ತ, ನನ್ನ ಕಡೆ ನೋಡದೆ ಹೇಳಿದರು: "ರಕ್ತ ರಕ್ತ ಅಂತ ಇವರು ಕುಣೀತಾರೆ. ನನ್ನ ಮಗಳದ್ದು ರಕ್ತ ಅಲ್ವಾ? ನಾಳೆ ಇವರಿಗೇನಾದ್ರೂ ಆದ್ರೆ ಒಲೆ ಮುಂದೆ ಯಾರು ನಿಲ್ತಾರೆ, ನಿಮ್ಮ ಗಾಡಿಯಜ್ಜ ಬರ್ತಾನಾ?"

ಎದುರಿಗಿದ್ದ ಒಲೆಯ ಶಾಖಕ್ಕೋ ಏನೋ ಮುಖ ಉರಿಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ನನ್ನದು.

ಮಾರ್ಚ್ 3, ಸೋಮವಾರ

ಇವತ್ತು ವಾಪಸ್ ಕಳಿಸಿದ್ದು ಎರಡೇ ಅರ್ಜಿ. ಜನ ಕಡಿಮೆ ಇದ್ದರು, ಅದಕ್ಕಿರಬೇಕು. ಒಬ್ಬ ಮುದುಕನಿಗೆ ತಂದೆಯ ಹೆಸರು ನೆನಪಾಗಲೇ ಇಲ್ಲ. ಕೂರಿಸಿ, ನೀರು ಕೊಟ್ಟು, ಹಳೇ ಪುಸ್ತಕ ನಾನೇ ತೆಗೆದು ಹುಡುಕಿದೆ. ಒಂದು ಗಂಟೆ ಹಾಳು.

ಮಾರ್ಚ್ 5, ಬುಧವಾರ

ಬೇಕರಿಯಣ್ಣ ಇವತ್ತು ಬೇಗ ಬಂದ. ಬನ್ನು ತಂದಿರಲಿಲ್ಲ. ಹೊರಗಿನ ಬೆಂಚಿನ ಮೇಲೆ ಕೂತು, "ಅವಳು ಮಗಳನ್ನ ಕರ್ಕೊಂಡು ತವರಿಗೆ ಹೋದ್ಲು ತಂಗಿ," ಎಂದ. ಜಗಳ ನಾಲ್ಕು ದಿನದಿಂದ ನಡೆಯುತ್ತಿತ್ತಂತೆ. "ಬೇರೆಯವರಾಗಿದ್ರೆ ನಿನ್ನ ಮಾತು ಕೇಳ್ತಿದ್ದೆ, ರಕ್ತ ಅಂದ್ಮೇಲೆ ಮುಗೀತು ಕಣೆ, ಅಂದೆ. ಅಷ್ಟಕ್ಕೇ ಹೊರಟ್ಲು. ಬರ್ತಾಳೆ ಬಿಡು, ಎಲ್ಲಿ ಹೋಗ್ತಾಳೆ."

ಬರ್ತಾರೆ ಎಂದೆ. ಅಷ್ಟು ದೊಡ್ಡ ಮನುಷ್ಯ ಕೈಗಳನ್ನು ತೊಡೆಯ ನಡುವೆ ಇಟ್ಟುಕೊಂಡು ಕೂತಿದ್ದ. ಸಮಿತಿಯ ಒಪ್ಪಿಗೆಗೆ ಇನ್ನು ಐದು ದಿನ. ನಾನು ಐದು ದಿನ ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಎಲ್ಲ ಸಲೀಸು. ಬಾಯಿ ಮುಚ್ಚಿಕೊಂಡಿರುವುದು ನನಗೆ ಕಷ್ಟವೇನಲ್ಲ.

ಮಾರ್ಚ್ 6, ಗುರುವಾರ

ಹೇಳಿಬಿಟ್ಟೆ.

ರಜೆ ಹಾಕಿ ಮಧ್ಯಾಹ್ನ ಹೋದೆ. ಒಲೆ ಆರಿತ್ತು, ಅಂಗಡಿಯಲ್ಲಿ ಯಾರೂ ಇರಲಿಲ್ಲ. ಷರಾ ಸಮೇತ ಆ ಇಡೀ ಪುಟದ ನಕಲನ್ನು ಗಾಜಿನ ಪೆಟ್ಟಿಗೆಯ ಮೇಲೆ ಇಟ್ಟೆ. ಅಣ್ಣ ಕೈ ಒರೆಸಿಕೊಂಡು ಓದಿದ. ಮತ್ತೊಮ್ಮೆ ಓದಿದ. ಬೆರಳಿಟ್ಟು ಸಾಲು ಎಣಿಸಿ ಇಪ್ಪತ್ತಾರಕ್ಕೆ ಬಂದು ನಿಂತ.

"ಇದರಲ್ಲಿ ಮುತ್ತಜ್ಜನ ಅಮ್ಮನ ಹೆಸರು?"

"ಇಲ್ಲ. ಗೆರೆ ಎಳೆದಿದ್ದಾರೆ."

"ಹೆಣದ ಗಾಡೀಲಿ ಬಂದಿದ್ದಾ?"

"ಹೌದು."

ಹೆಂಡಿರ ಜೋಕು ನೆನಪಾಗಿರಬೇಕು, ಮುಖ ಮುದುಡಿತು. ಆಮೇಲೆ ಕೇಳಿದ: "ನಿಮಗೆ ಯಾವತ್ತು ಗೊತ್ತಾಯ್ತು?"

"ಹದಿಮೂರು ದಿನ ಆಯ್ತು."

"ಹದಿಮೂರು ದಿನ." ಕಾಗದ ಮಡಿಸಿದ. "ನಾನು ದಿನಾ ಬರ್ತಿದ್ದೆ. ಪಕ್ಕದಲ್ಲೇ ಕೂತಿರ್ತಿದ್ರಿ. ನಿನ್ನೆ ನನ್ನ ಹೆಂಡ್ತಿ ವಿಷ್ಯ ಹೇಳಿದಾಗಲೂ ಕೂತಿದ್ರಿ. ಈಗ ಹೋಗಿ ಮೇಡಂ."

ಮೇಡಂ ಎಂದ. ದಿನಕ್ಕೆ ನೂರು ಸಲ ಕೇಳುವ ಮಾತು, ಅದು ಹೀಗೆ ಚುಚ್ಚುತ್ತದೆಂದು ಗೊತ್ತಿರಲಿಲ್ಲ.

ಮಾರ್ಚ್ 7, ಶುಕ್ರವಾರ

ಬರಲಿಲ್ಲ.

ಮಾರ್ಚ್ 8, ಶನಿವಾರ

ಬರಲಿಲ್ಲ. ಸಮಿತಿಗೆ ಫೋನ್ ಮಾಡಿ ತನ್ನ ಹೆಸರು ಸದ್ಯಕ್ಕೆ ತಡೆಹಿಡಿಯಿರಿ ಎಂದು ಹೇಳಿದ್ದಾನೆ. ಕಾರಣ ಹೇಳಿಲ್ಲವಂತೆ. ನನ್ನ ಮಾನ ಉಳಿಸಿದ, ಅದೊಂದು ನೋವು ಬೇರೆ.

ನಾನು ಮಾಡಿದ್ದು ಸರಿ ಎಂದು ಯಾರಾದರೂ ಹೇಳಿದರೆ ಅವರ ಬಾಯಿಗೆ ಹೊಡೆಯುವಷ್ಟು ಸಿಟ್ಟಿದೆ. ಸರಿ ಇಟ್ಟುಕೊಂಡು ಏನು ಮಾಡಲಿ? ನನ್ನ ತಮ್ಮ ಸಾಯುತ್ತಾನೆ.

ಮಾರ್ಚ್ 11, ಮಂಗಳವಾರ

ಬನ್ನು ಯಾಕೆ ಬರುತ್ತಿಲ್ಲ ಎಂದು ತಮ್ಮ ಮೂರನೇ ಸಲ ಕೇಳಿದ. ಎಲ್ಲ ಹೇಳಿದೆ, ರಿಜಿಸ್ಟರು, ಷರಾ, ಸಹಿ, ಹದಿಮೂರು ದಿನ. ಚಾವಣಿ ನೋಡುತ್ತ ಕೇಳಿಸಿಕೊಂಡ.

"ಒಳ್ಳೇದಾಯ್ತು ಬಿಡು. ಇಲ್ಲಾಂದ್ರೆ ಬದುಕಿರೋವರೆಗೂ ಆ ಉಪ್ಪಿಲ್ಲದ ಬನ್ನು ಚೆನ್ನಾಗಿದೆ ಅನ್ನಬೇಕಿತ್ತು," ಎಂದ. ನಾನು ನಗಲಿಲ್ಲ. ಗೋಡೆಯ ಕಡೆ ಹೊರಳಿ, "ಹೇಳೋಕೆ ಇನ್ನೊಂದು ತಿಂಗಳು ತಡ ಮಾಡಿದ್ರೆ ಏನಾಗ್ತಿತ್ತಕ್ಕ?" ಎಂದು ಕೇಳಿದ. ಅವನ ಬೆನ್ನು ಅಲುಗುತ್ತಿತ್ತು. ಪಕ್ಕೆಲುಬು ಎಣಿಸಬಹುದಿತ್ತು.

ಮಾರ್ಚ್ 13, ಗುರುವಾರ

ಟೋಕನ್ ನಂಬರು ನಲವತ್ತೆರಡು ಎಂದು ಕೂಗಿದೆ. ಗಾಜಿನ ಆಚೆ ಅಣ್ಣ ನಿಂತಿದ್ದ. ಬೆಳಗಿನಿಂದ ಸಾಲಿನಲ್ಲಿ ನಿಂತಿರಬೇಕು.

"ಸಂಬಂಧ ಇಲ್ಲದೋರು ಕಿಡ್ನಿ ಕೊಡೋಕೆ ಬೇರೆ ಫಾರಂ ಇದೆಯಂತಲ್ಲ. ಇಲ್ಲೇ ಸಿಗುತ್ತಾ?"

ಆಸ್ಪತ್ರೆಯಲ್ಲಿ ಸಿಗುತ್ತದೆ ಎಂದೆ.

"ಸರಿ. ಮೊದಲು ಆ ಹಳೇ ಕಾಗದ ರದ್ದು ಮಾಡಿಸಿ. ಬಿಟ್ಟಿದ್ದು ಸೇರಿಸಿ ಹೊಸದು ಬರೀರಿ. ಸುಳ್ಳು ಕಾಗದ ಹಾಸ್ಕೊಂಡು ನಾನು ಹೊಟ್ಟೆ ಕೊಯ್ಸ್ಕೊಳಲ್ಲ."

ಹಿಂದಿನವರು ಗೊಣಗುತ್ತಿದ್ದರು. ಯಾಕೆ ಎಂದು ಕೇಳಿದೆ. ಯಾಕೆ ಕೊಡುತ್ತೀರಿ, ಈಗ ಗೊತ್ತಾದ ಮೇಲೂ.

"ಕೊಡ್ತೀನಿ ಅಂತ ಅವನ ಮುಖ ನೋಡಿ ಅಂದಿದ್ದು. ನಿಮ್ಮ ರಿಜಿಸ್ಟರ್ ನೋಡಿ ಅಲ್ಲ." ಟೋಕನನ್ನು ಗಾಜಿನ ಕೆಳಗೆ ತಳ್ಳಿ ಹೋದ. ಹೋಗುವಾಗಲೂ ಸಿಟ್ಟಿನಲ್ಲೇ ಇದ್ದ.

ಮಾರ್ಚ್ 14, ಶುಕ್ರವಾರ

ಸಾಹೇಬರ ಮುಂದೆ ಎರಡೂ ಕಾಗದ ಇಟ್ಟೆ, ನಾನು ಕೊಟ್ಟದ್ದು ಮತ್ತು ಮೂಲದ ನಕಲು. ಈ ಸಲ ಅವರು ಓದಿದರು. "ಇಪ್ಪತ್ತೆರಡು ವರ್ಷದಲ್ಲಿ ನಿಮ್ಮದೊಂದೂ ಫೈಲು ವಾಪಸ್ ಬಂದಿಲ್ಲ. ಇದನ್ನ ನೀವು ಹೇಳದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ, ಅಲ್ವಾ?" ಎಂದರು. ಹೌದು ಎಂದೆ. ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು.

ಹಳೆಯ ಪತ್ರ ರದ್ದಾಯಿತು. ಷರಾ ಸಹಿತ ಹೊಸ ಪತ್ರವನ್ನು ಸಾಹೇಬರೇ ತಯಾರು ಮಾಡಿಸಿದರು. ಸಂಜೆ ನಾಲ್ಕಕ್ಕೆ ನನ್ನ ಅಮಾನತಿನ ಆದೇಶ ಬಂತು. ತಪ್ಪಿಲ್ಲದೆ ಬರೆದಿದ್ದಾರೆ, ಒಂದು ಕಲಮೂ ಖಾಲಿ ಇಲ್ಲ. ಮೇಜಿನ ಕೀಲಿ ಕೊಟ್ಟು ಸೀದಾ ಆಸ್ಪತ್ರೆಗೆ ಹೋಗಿ ಹೊಸ ಫಾರಂ ತುಂಬಿದೆ. ಕೊಡುವವರಿಗೂ ರೋಗಿಯ ಕುಟುಂಬಕ್ಕೂ ಇರುವ ಸಂಬಂಧ ಎಂಬಲ್ಲಿ 'ಇಲ್ಲ' ಎಂದು ಬರೆದು ಸಹಿ ಹಾಕಿದೆ.

ಡಾಕ್ಟರು ತುರ್ತು ಎಂದು ಪತ್ರ ಬರೆದುಕೊಟ್ಟಿದ್ದಾರೆ. ಸಮಿತಿ ಯಾವಾಗ ಕರೆಯುತ್ತದೋ.

ಮಾರ್ಚ್ 22, ಶನಿವಾರ

ನಳಿಕೆಗೆ ಸೋಂಕು. ಜ್ವರ ನೂರಮೂರು. ತಮ್ಮ ನನ್ನನ್ನು ಅಮ್ಮ ಎಂದು ಕರೆದ.

ಮಾರ್ಚ್ 23, ಭಾನುವಾರ

ಜ್ವರ ಇಳಿದಿಲ್ಲ. ಅಣ್ಣ ಬಂದು ಬಾಗಿಲಲ್ಲೇ ನಿಂತು ನೋಡಿ ಹೋದ. ನನ್ನ ಜೊತೆ ಮಾತಾಡಲಿಲ್ಲ. ಬೆಂಚಿನ ಮೇಲೆ ಬನ್ನಿನ ಪೊಟ್ಟಣ ಇಟ್ಟು ಹೋಗಿದ್ದ, ಉಪ್ಪು ಹಾಕಿದ್ದು. ನನಗೆ ಎಂದು ಆಮೇಲೆ ಹೊಳೆಯಿತು. ಎರಡು ದಿನದಿಂದ ಏನೂ ತಿಂದಿರಲಿಲ್ಲ.

ಮಾರ್ಚ್ 31, ಸೋಮವಾರ

ಜ್ವರ ಇಳಿದು ಮೂರು ದಿನ. ಇವತ್ತು ಸಮಿತಿ ಕರೆದಿತ್ತು.

ಉದ್ದ ಮೇಜು, ಆಚೆ ಮೂವರು. ಅಧ್ಯಕ್ಷೆ ವಯಸ್ಸಾದವರು, ಪ್ರತಿ ಕಾಗದವನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದರು. ನನ್ನ ಹಾಗೇ. ಅದನ್ನು ನೋಡಿಯೇ ನನಗೆ ಭಯವಾಯಿತು.

ಮೊದಲು ಅಣ್ಣನ ಹೆಂಡತಿಯನ್ನು ಕೇಳಿದರು. ಆಕೆ ತವರಿನಿಂದ ಬಂದಿದ್ದರು. "ನನಗೆ ಇಷ್ಟ ಇಲ್ಲ. ಆದ್ರೆ ಬೇಡ ಅಂದ್ರೆ ಈ ಮನುಷ್ಯ ಇನ್ನು ಮೇಲೆ ಸರಿಯಾಗಿ ಊಟ ಮಾಡಲ್ಲ. ತಡೆಯಲ್ಲ ನಾನು," ಎಂದರು. ನನ್ನ ಕಡೆ ತಿರುಗಲಿಲ್ಲ.

ಆಮೇಲೆ ಅಣ್ಣ. ಏನಾದರೂ ಪಡೆದಿದ್ದೀರಾ ಎಂದು ಕೇಳಿದರು. "ಬನ್ನು ನಾನೇ ಕೊಟ್ಟಿದ್ದೀನಿ," ಎಂದ. ಅಧ್ಯಕ್ಷೆ ನಗಲಿಲ್ಲ. ರದ್ದಾದ ಪತ್ರವನ್ನು ಎತ್ತಿ ತೋರಿಸಿದರು.

"ಈಕೆ ನಿಮ್ಮಿಂದ ವಿಷಯ ಮುಚ್ಚಿಟ್ಟು ಇದನ್ನ ತಯಾರಿಸಿದ್ದಾರೆ. ಗೊತ್ತಲ್ಲ?"

"ಗೊತ್ತು."

"ನಿಮಗೆ ಇವರು ಏನೂ ಆಗಬೇಕಾಗಿಲ್ಲ. ಮೋಸ ಬೇರೆ ಮಾಡಿದ್ದಾರೆ. ಇಂಥವರನ್ನ ನಂಬಿ ಕಿಡ್ನಿ ಕೊಡ್ತೀರಾ?"

ನಾನು ನೆಲ ನೋಡುತ್ತಿದ್ದೆ. ಅಣ್ಣ ಹೇಳಿದ: "ಮೋಸ ಮಾಡಿದ್ರು, ಇಲ್ಲ ಅನ್ನಲ್ಲ. ಆಮೇಲೆ ಬಂದು ತಾವೇ ಹೇಳಿದ್ರು. ಹೇಳಿದ್ರೆ ನಾನು ಹಿಂದೆ ಸರೀತೀನಿ, ತಮ್ಮ ಉಳಿಯಲ್ಲ ಅಂತ ಗೊತ್ತಿದ್ದೂ ಹೇಳಿದ್ರು. ಸ್ವಂತ ನೆಂಟರೂ ಹಿಂಗೆ ಬಂದು ಹೇಳಲ್ಲ ಅಮ್ಮ."

ಅಧ್ಯಕ್ಷೆ ಪತ್ರವನ್ನು ಕೆಳಗಿಟ್ಟರು. ನಮ್ಮನ್ನು ಹೊರಗೆ ಕೂರಿಸಿದರು. ಗೋಡೆ ಗಡಿಯಾರದಲ್ಲಿ ನಲವತ್ತು ನಿಮಿಷ. ಒಪ್ಪಿಗೆ ಸಿಕ್ಕಿತು.

ಹೊರಗೆ ಬಂದು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅಣ್ಣ, "ಈಗ ಏನೂ ಹೇಳ್ಬೇಡ, ಅತ್ತುಬಿಡ್ತೀನಿ," ಎಂದ. ಆಟೋ ಹತ್ತಿಕೊಂಡು ಗಂಡ ಹೆಂಡತಿ ಹೋದರು.

ಏಪ್ರಿಲ್ 8, ಮಂಗಳವಾರ

ಬೆಳಿಗ್ಗೆ ಏಳಕ್ಕೆ ಇಬ್ಬರನ್ನೂ ಒಳಗೆ ಕರೆದುಕೊಂಡು ಹೋದರು. ಅಕ್ಕಪಕ್ಕದ ಎರಡು ಕೋಣೆ, ಬಾಗಿಲ ಮೇಲೆ ಎರಡು ಕೆಂಪು ದೀಪ. ಅಣ್ಣ ಹಸಿರು ಟೊಪ್ಪಿಯಲ್ಲಿ ದೊಡ್ಡ ಮಗುವಿನ ಹಾಗೆ ಕಾಣುತ್ತಿದ್ದ. ಸೂಜಿ ಹಾಕುವ ಮೊದಲೇ ಕಣ್ಣು ಮುಚ್ಚಿಕೊಂಡಿದ್ದ. ಅವನ ಹೆಂಡತಿ ಮಗಳನ್ನು ಶಾಲೆಗೆ ಬಿಟ್ಟು ಬರಲು ಹೋದರು. ಬೆಂಚಿನ ಮೇಲೆ ನಾನೊಬ್ಬಳೇ.

ಹನ್ನೊಂದೂವರೆಗೆ ನರ್ಸು ಬಂದು, ಕಿಡ್ನಿ ಜೋಡಿಸಿ ಆಯಿತು, ಮೇಜಿನ ಮೇಲೇ ಮೂತ್ರ ಬಂತು ಎಂದರು. ಎರಡು ವರ್ಷದಿಂದ ಕಾಯುತ್ತಿದ್ದ ಮಾತು. ಆದರೆ ನನ್ನ ಕಣ್ಣು ಪಕ್ಕದ ಬಾಗಿಲ ಮೇಲೆಯೇ ಇತ್ತು. ಆ ದೀಪ ಮೊದಲು ಆರಬೇಕಾಗಿತ್ತು. ಆರಿರಲಿಲ್ಲ. ಒಬ್ಬರು ರಕ್ತದ ಚೀಲ ಹಿಡಿದು ಒಳಗೆ ಓಡಿದರು, ಐದು ನಿಮಿಷಕ್ಕೆ ಇನ್ನೊಬ್ಬರು.

"ಅಣ್ಣ ಹೇಗಿದ್ದಾನೆ?" ಎಂದು ಕೇಳಿದೆ.

"ಹೇಳಿದೆನಲ್ಲ, ನಿಮ್ಮ ತಮ್ಮ ಚೆನ್ನಾಗಿದ್ದಾರೆ."

"ಅವನಲ್ಲ. ಪಕ್ಕದ ಕೋಣೆಯವನು."

ನರ್ಸು ಕೈಯಲ್ಲಿದ್ದ ಫೈಲು ತಿರುವಿದರು. "ಇಲ್ಲಿ ಸಂಬಂಧ ಇಲ್ಲ ಅಂತ ಇದೆ. ಅವರ ಮನೆಯವರಿಗೆ ಮಾತ್ರ ಹೇಳ್ಬೇಕು, ನಿಯಮ."

ಅಕ್ಷರ ನನ್ನದೇ. ನಿಯಮವೂ ಸರಿಯಾದದ್ದೇ, ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಕೂತೆ. ಇನ್ನೂ ಒಂದು ಚೀಲ ಒಳಗೆ ಹೋಯಿತು. ಅಷ್ಟು ಹೆದರಿಕೆ ನನಗೆ ಯಾವತ್ತೂ ಆಗಿರಲಿಲ್ಲ. ತಮ್ಮನ ಜ್ವರದ ದಿನಗಳಲ್ಲೂ ಇಲ್ಲ.

ಹನ್ನೆರಡೂವರೆಗೆ ಅವನ ಹೆಂಡತಿ ಬಂದರು. ದೀಪ ಆರಿತ್ತು, ಆದರೆ ಯಾರೂ ಏನೂ ಹೇಳಿರಲಿಲ್ಲ. ನರ್ಸು ಆಕೆಯನ್ನು ಒಳಗೆ ಬರುವಂತೆ ಕರೆದರು. ನಾನು ಎದ್ದು ನಿಂತವಳು ಮತ್ತೆ ಕೂತೆ. ಆಕೆ ಬಾಗಿಲವರೆಗೆ ಹೋಗಿ ತಿರುಗಿ ನೋಡಿದರು. ಇಷ್ಟು ದಿನದಲ್ಲಿ ನನ್ನ ಮುಖವನ್ನು ಸರಿಯಾಗಿ ನೋಡಿದ್ದು ಅದೇ ಮೊದಲು. ವಾಪಸ್ ಬಂದು ನನ್ನ ಮುಂಗೈ ಹಿಡಿದು ಎಬ್ಬಿಸಿದರು.

"ಇವರು?" ಎಂದರು ನರ್ಸು.

"ಇವಳು ನನ್ನ ನಾದಿನಿ. ಇಬ್ಬರಿಗೂ ಸೇರಿಸಿ ಹೇಳಿ."

ನರ್ಸು ಫೈಲಿನ ಕಡೆ ಒಮ್ಮೆ, ಆಕೆಯ ಕಡೆ ಒಮ್ಮೆ ನೋಡಿ ಫೈಲು ಮುಚ್ಚಿದರು. ರಕ್ತ ನಿಂತಿದೆಯಂತೆ. ಎಚ್ಚರವಾಗಿದೆಯಂತೆ, ನೀರು ಕೇಳುತ್ತಿದ್ದಾನಂತೆ. ಅತ್ತಿಗೆ ನನ್ನ ಕೈ ಬಿಡಲಿಲ್ಲ.